ಹಾಲಿನ ಪ್ರೋಟೀನ್ ದೇಹದ ತೂಕವನ್ನು ಇಳಿಸುತ್ತದೆಯೇ, ಏರಿಸುತ್ತದೆಯೇ?

ಪ್ರಶ್ನೆ ಕೇಳಿದವರು: ಜಿಜ್ಞಾಸು

ಎಲ್ಲರಿಗೂ ನಮಸ್ಕಾರ. ನನ್ನ ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕವನ್ನು ಅಳೆಯುವ ಸೂಚ್ಯಂಕ) 31ರ ಆಸುಪಾಸಿನಲ್ಲಿದೆ. ತೂಕ ಇಳಿಸಲೇಬೇಕೆಂದು ವೈದ್ಯರು ಹೇಳಿದ ಮೇಲೆ ಆಹಾರ ತಜ್ಞರೊಬ್ಬರನ್ನು ಕಂಡೆ. ಊಟದಲ್ಲಿ ಪ್ರೋಟೀನ್ ಪ್ರಮಾಣವನ್ನು ಹೆಚ್ಚಿಸಬೇಕೆಂದೂ ಅದಕ್ಕಾಗಿ ಕೆನೆ ತೆಗೆದ ಹಾಲನ್ನೋ ವೇ ಪ್ರೋಟೀನ್ ಪುಡಿಯನ್ನೋ ಬಳಸಬಹುದೆಂದೂ ಅವರು ತಿಳಿಸಿದರು. ಹಾಲಿನ ಪ್ರೋಟೀನ್ ಹಸಿವನ್ನು ತಗ್ಗಿಸುತ್ತದೆ, ತೂಕ ಇಳಿಯುವಾಗ ಸ್ನಾಯು ಸವೆಯದಂತೆ ನೋಡಿಕೊಳ್ಳುತ್ತದೆ ಎಂಬುದು ಅವರ ವಿವರಣೆ.

ಆದರೆ ಈ ಬಗ್ಗೆ ಓದತೊಡಗಿದಂತೆ ಗೊಂದಲವೇ ಹೆಚ್ಚಾಯಿತು. ಹಾಲಿನ ಪ್ರೋಟೀನ್ ಇನ್ಸುಲಿನ್ ಮಟ್ಟವನ್ನು ಏರಿಸುತ್ತದೆ, ಇನ್ಸುಲಿನ್ ಕೊಬ್ಬನ್ನು ಕೂಡಿಡುವ ಹಾರ್ಮೋನು, ಆದ್ದರಿಂದ ಹಾಲಿನಿಂದ ಬೊಜ್ಜು ಬರುವುದು ಖಚಿತ ಎಂದು ಕೆಲವರು ಬರೆದಿದ್ದಾರೆ. ಕರು ಬೇಗ ಬೆಳೆಯಲೆಂದು ಇರುವ ಆಹಾರವನ್ನು ಬೆಳವಣಿಗೆ ಮುಗಿದ ಮನುಷ್ಯ ಸೇವಿಸಿದರೆ ಆತ ಅಡ್ಡಡ್ಡ ಬೆಳೆಯದೆ ಇನ್ನೇನಾದಾನು ಎಂದು ಕೇಳುವವರೂ ಇದ್ದಾರೆ. ಎರಡೂ ಕಡೆಯವರು ಅಧ್ಯಯನಗಳನ್ನೇ ಮುಂದಿಡುವುದರಿಂದ ಯಾರನ್ನು ನಂಬಬೇಕೆಂದು ತಿಳಿಯದಾಗಿದೆ.

ವೇ ಮತ್ತು ಕೇಸೀನ್ ನಡುವೆ ತೂಕದ ಮಟ್ಟಿಗೆ ನಿಜವಾದ ವ್ಯತ್ಯಾಸವಿದೆಯೇ, ಇನ್ಸುಲಿನ್ ಕುರಿತ ಆತಂಕದಲ್ಲಿ ಹುರುಳಿದೆಯೇ ಎಂಬುದನ್ನು ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಪೋಷಣೆ

ನಾನು ಪೋಷಣಾಶಾಸ್ತ್ರವನ್ನು ಬೋಧಿಸುವವಳು. ತಾವು ಕೇಳಿದ ಮೊದಲ ವಿಷಯವನ್ನು ಎತ್ತಿಕೊಳ್ಳುತ್ತೇನೆ.

ಹಸುವಿನ ಹಾಲಿನಲ್ಲಿ 100 ಮಿಲಿಲೀಟರಿಗೆ ಹೆಚ್ಚುಕಡಿಮೆ 3.3 ಗ್ರಾಂ ಪ್ರೋಟೀನ್ ಇರುತ್ತದೆ. ಅದರಲ್ಲಿ ಸುಮಾರು 80 ಪಾಲು ಕೇಸೀನ್, ಉಳಿದ 20 ಪಾಲು ವೇ. ಬಿಸಿ ಹಾಲಿಗೆ ನಿಂಬೆರಸ ಹಿಂಡಿದಾಗ ಗಟ್ಟಿಯಾಗಿ ಬೇರ್ಪಡುವ ಭಾಗದಲ್ಲಿರುವುದು ಮುಖ್ಯವಾಗಿ ಕೇಸೀನ್. ತಿಳಿಯಾಗಿ ಉಳಿಯುವ ಹಾಲೊಡಕಿನ ನೀರಿನಲ್ಲಿ ಕರಗಿರುವುದು ವೇ. ಹಾಲಿನ ಆಮ್ಲೀಯತೆ ಪಿಎಚ್ 4.6ರ ಸಮೀಪಕ್ಕೆ ಬಂದಾಗ ಕೇಸೀನ್ ಕಣಗಳು ಒಂದನ್ನೊಂದು ದೂರ ತಳ್ಳುವ ವಿದ್ಯುದಾವೇಶವನ್ನು ಕಳೆದುಕೊಂಡು ಅಂಟಿಕೊಳ್ಳುತ್ತವೆ. ನಮ್ಮ ಜಠರದಲ್ಲಿರುವ ಆಮ್ಲವೂ ಇದೇ ಕೆಲಸವನ್ನು ಮಾಡುತ್ತದೆ. ಹೀಗಾಗಿ ಕೇಸೀನ್ ಹೊಟ್ಟೆಯಲ್ಲಿ ಹೆಪ್ಪುಗಟ್ಟಿ, ನಿಧಾನವಾಗಿ ಕರಗುತ್ತ, ಸ್ವಲ್ಪಸ್ವಲ್ಪವೇ ಕರುಳಿಗೆ ಇಳಿಯುತ್ತದೆ. ವೇ ಹೆಪ್ಪುಗಟ್ಟದೆ ಬೇಗ ಮುಂದೆ ಸಾಗುತ್ತದೆ. 1997ರಲ್ಲಿ ಫ್ರಾನ್ಸಿನ ಸಂಶೋಧಕರು ಈ ಎರಡನ್ನೂ ಬೇರೆಬೇರೆಯಾಗಿ ಕುಡಿಸಿ ರಕ್ತವನ್ನು ಪರೀಕ್ಷಿಸಿದಾಗ, ವೇ ಕುಡಿದವರಲ್ಲಿ ಅಮೈನೊ ಆಮ್ಲಗಳ (ಪ್ರೋಟೀನ್ ಅರಗಿದಾಗ ಸಿಗುವ ಅದರ ಘಟಕಗಳ) ಮಟ್ಟ ಬೇಗನೆ ಎತ್ತರಕ್ಕೇರಿ ಕೆಲವೇ ಗಂಟೆಗಳಲ್ಲಿ ಕೆಳಗಿಳಿಯಿತು. ಕೇಸೀನ್ ಕುಡಿದವರಲ್ಲಿ ಏರಿಕೆ ಅಷ್ಟು ಎತ್ತರಕ್ಕೆ ಹೋಗದಿದ್ದರೂ ಸುಮಾರು 7 ಗಂಟೆಗಳ ಕಾಲ ಉಳಿದುಕೊಂಡಿತು. ಅಲ್ಲಿಂದಾಚೆಗೆ ಒಂದನ್ನು ವೇಗದ ಪ್ರೋಟೀನ್, ಇನ್ನೊಂದನ್ನು ನಿಧಾನದ ಪ್ರೋಟೀನ್ ಎಂದು ಕರೆಯುವುದು ರೂಢಿಯಾಗಿದೆ.

ಹಸಿವಿನ ಮೇಲೆ ಇದರ ಪರಿಣಾಮವೇನು? 2003ರಲ್ಲಿ ಬ್ರಿಟನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ 48 ಗ್ರಾಂ ವೇ ಅಥವಾ ಅಷ್ಟೇ ಕೇಸೀನ್ ಇರುವ ಪಾನೀಯವನ್ನು ಕೊಟ್ಟು, 90 ನಿಮಿಷಗಳ ನಂತರ ಬೇಕಾದಷ್ಟು ಬಡಿಸಿಕೊಳ್ಳುವ ಊಟವನ್ನು ಇಟ್ಟರು. ವೇ ಕುಡಿದವರು ಕಡಿಮೆ ತಿಂದರು. ಅವರ ರಕ್ತದಲ್ಲಿ ಕರುಳು ಸ್ರವಿಸುವ ಕೊಲಿಸಿಸ್ಟೊಕೈನಿನ್ ಮತ್ತು ಜಿಎಲ್‌ಪಿ-1 ಎಂಬ ಹಾರ್ಮೋನುಗಳೂ ಹೆಚ್ಚಾಗಿದ್ದವು. ಹೊಟ್ಟೆ ತುಂಬಿತು ಎಂಬ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವವು ಇವೇ. ಈಗ ಬೊಜ್ಜಿಗೆಂದು ಚುಚ್ಚುಮದ್ದಾಗಿ ಕೊಡುವ ಔಷಧಗಳು ಅನುಕರಿಸುವುದು ಇದೇ ಜಿಎಲ್‌ಪಿ-1 ಹಾರ್ಮೋನನ್ನು. ಆದರೆ ಔಷಧದ ಪ್ರಭಾವ ದಿನಗಟ್ಟಲೆ ಇರುತ್ತದೆ, ಆಹಾರದಿಂದ ಹುಟ್ಟುವ ಹಾರ್ಮೋನು ರಕ್ತದಲ್ಲಿ ಕೆಲವು ನಿಮಿಷಗಳಲ್ಲೇ ನಾಶವಾಗುತ್ತದೆ. ಆದ್ದರಿಂದ ಎರಡನ್ನೂ ಒಂದೇ ಎಂದು ಬಿಂಬಿಸುವ ಜಾಹೀರಾತುಗಳನ್ನು ನಂಬಬೇಡಿ.

ಇನ್ನೊಂದು ಅಂಶವೆಂದರೆ, ತಿಂದದ್ದನ್ನು ಅರಗಿಸಿ ಬಳಸಿಕೊಳ್ಳಲು ದೇಹವೇ ಖರ್ಚು ಮಾಡುವ ಶಕ್ತಿ. ಪ್ರೋಟೀನಿನ ವಿಷಯದಲ್ಲಿ ಇದು ಶೇಕಡಾ 20ರಿಂದ 30, ಕಾರ್ಬೋಹೈಡ್ರೇಟಿನಲ್ಲಿ 5ರಿಂದ 10, ಕೊಬ್ಬಿನಲ್ಲಿ 3ಕ್ಕಿಂತಲೂ ಕಡಿಮೆ. ಕೇಳಲು ದೊಡ್ಡದೆನಿಸುವ ಈ ಅಂತರವನ್ನು ಲೆಕ್ಕಕ್ಕಿಳಿಸಿ ನೋಡೋಣ. ದಿನಕ್ಕೆ 200 ಕ್ಯಾಲೊರಿಯಷ್ಟು ಕಾರ್ಬೋಹೈಡ್ರೇಟನ್ನು ಕೈಬಿಟ್ಟು ಅಷ್ಟೇ ಕ್ಯಾಲೊರಿಯ, ಅಂದರೆ 50 ಗ್ರಾಂ ಪ್ರೋಟೀನನ್ನು ತಿಂದರೆ ಉಳಿತಾಯವಾಗುವುದು ಸುಮಾರು 30ರಿಂದ 40 ಕ್ಯಾಲೊರಿ ಮಾತ್ರ. ಇಲ್ಲವೆನ್ನುವಂತಿಲ್ಲ, ಆದರೆ ಅದೊಂದರಿಂದಲೇ ಯಾರ ಬೊಜ್ಜೂ ಕರಗುವುದಿಲ್ಲ.

ನನ್ನ ದೃಷ್ಟಿಯಲ್ಲಿ ಹಾಲಿನ ಪ್ರೋಟೀನಿನ ಹೆಚ್ಚಿನ ಪ್ರಯೋಜನ ಇರುವುದು ಸ್ನಾಯುವಿನ ಮಟ್ಟಿಗೆ. ಕಡಿಮೆ ತಿಂದು ತೂಕ ಇಳಿಸಿದಾಗ ಹೋಗುವುದೆಲ್ಲ ಕೊಬ್ಬಲ್ಲ. ಸರಿಸುಮಾರು ಕಾಲು ಭಾಗ ಸ್ನಾಯು ಮೊದಲಾದ ಕೊಬ್ಬಲ್ಲದ ಅಂಗಾಂಶ. ವೇ ಪ್ರೋಟೀನಿನ ಶೇಕಡಾ 10ರಷ್ಟು ಭಾಗ ಲ್ಯೂಸೀನ್ ಎಂಬ ಅಮೈನೊ ಆಮ್ಲ. ಸ್ನಾಯುಕೋಶದಲ್ಲಿ ಹೊಸ ಪ್ರೋಟೀನ್ ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವುದು ಮುಖ್ಯವಾಗಿ ಅದೇ. ಜೊತೆಗೆ ಭಾರ ಎತ್ತುವಂಥ ವ್ಯಾಯಾಮವಿದ್ದರೆ ಸ್ನಾಯು ಹೆಚ್ಚು ಉಳಿಯುತ್ತದೆ.

ಉತ್ತರ: ತಕ್ಕಡಿ

ಪೋಷಣೆಯವರು ಹೇಳಿದ ಶಾರೀರಿಕ ವಿವರಗಳಲ್ಲಿ ನನಗೆ ತಕರಾರಿಲ್ಲ. ಆದರೆ ಒಂದು ಹೊತ್ತಿನ ಊಟದ ಪರೀಕ್ಷೆಯಿಂದ ಹಲವು ತಿಂಗಳ ತೂಕದ ಬಗ್ಗೆ ತೀರ್ಮಾನಕ್ಕೆ ಬರುವುದು ಅಪಾಯಕರ. ಮಧ್ಯಾಹ್ನ ಕಡಿಮೆ ತಿಂದವರು ರಾತ್ರಿ ಹೆಚ್ಚು ತಿಂದು ಸರಿದೂಗಿಸಿಕೊಳ್ಳುವುದು ಎಲ್ಲರೂ ಬಲ್ಲ ಸಂಗತಿ. ಆದ್ದರಿಂದ ತಿಂಗಳುಗಟ್ಟಲೆ ನಡೆದ ಪ್ರಯೋಗಗಳು ಏನು ಹೇಳುತ್ತವೆ ಎಂಬುದನ್ನು ನೋಡಬೇಕು.

ಇವುಗಳಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಅಮೆರಿಕದ ಕೃಷಿ ಇಲಾಖೆಯ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪ್ರಯೋಗಕ್ಕೆ. ಅಧಿಕ ತೂಕದ ಮತ್ತು ಬೊಜ್ಜಿರುವ ವಯಸ್ಕರನ್ನು ಮೂರು ಗುಂಪು ಮಾಡಿ, ಒಂದಕ್ಕೆ ವೇ, ಇನ್ನೊಂದಕ್ಕೆ ಸೋಯಾ ಪ್ರೋಟೀನ್, ಮತ್ತೊಂದಕ್ಕೆ ಬರೀ ಕಾರ್ಬೋಹೈಡ್ರೇಟ್ ಇರುವ ಪಾನೀಯವನ್ನು ದಿನಕ್ಕೆರಡು ಬಾರಿಯಂತೆ 23 ವಾರ ಕೊಟ್ಟರು. ಮೂರರಲ್ಲೂ ಕ್ಯಾಲೊರಿ ಸಮನಾಗಿತ್ತು. ಪ್ರೋಟೀನ್ ಗುಂಪುಗಳಿಗೆ ದಿನಕ್ಕೆ ಸುಮಾರು 56 ಗ್ರಾಂ ಹೆಚ್ಚುವರಿ ಪ್ರೋಟೀನ್ ಸಿಗುತ್ತಿತ್ತು. ಉಳಿದಂತೆ ಏನು ತಿನ್ನಬೇಕು, ಏನು ಬಿಡಬೇಕು ಎಂದು ಯಾರಿಗೂ ಹೇಳಲಿಲ್ಲ. ಕೊನೆಯಲ್ಲಿ ವೇ ಗುಂಪಿನ ಸರಾಸರಿ ತೂಕ ಕಾರ್ಬೋಹೈಡ್ರೇಟ್ ಗುಂಪಿನದಕ್ಕಿಂತ 1.8 ಕಿಲೋ, ಕೊಬ್ಬು 2.3 ಕಿಲೋ ಕಡಿಮೆಯಿತ್ತು. ಸೊಂಟದ ಸುತ್ತಳತೆಯೂ ಕಡಿಮೆಯಿತ್ತು. ಹಸಿವನ್ನು ಕೆರಳಿಸುವ ಗ್ರೆಲಿನ್ ಹಾರ್ಮೋನಿನ ಮಟ್ಟವೂ ವೇ ಗುಂಪಿನಲ್ಲೇ ಕೆಳಗಿತ್ತು. ಸೋಯಾ ಗುಂಪಿನ ತೂಕ ಈ ಎರಡೂ ಗುಂಪುಗಳಿಂದ ಖಚಿತವಾಗಿ ಬೇರೆ ಎನ್ನುವಂತಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಐದು ತಿಂಗಳಿಗೂ ಹೆಚ್ಚು ಕಾಲದಲ್ಲಿ ಎರಡು ಕಿಲೋಗೂ ಕಡಿಮೆ ಅಂತರ, ಅದೂ ಸುಮ್ಮನೆ ಕಾರ್ಬೋಹೈಡ್ರೇಟ್ ಕುಡಿದವರಿಗೆ ಹೋಲಿಸಿದಾಗ ಮಾತ್ರ. ಪ್ರೋಟೀನ್ ಡಬ್ಬಿಯ ಮೇಲೆ ಅಚ್ಚಾಗುವ ಚಿತ್ರಗಳಿಗೂ ಈ ಅಂಕಿಗೂ ಬಹಳ ದೂರ.

ಹಾಲಿನ ಉತ್ಪನ್ನಗಳ ಕುರಿತ 29 ಪ್ರಯೋಗಗಳನ್ನು ಒಟ್ಟುಗೂಡಿಸಿದ 2012ರ ವಿಶ್ಲೇಷಣೆಯೂ ಇದೇ ದಿಕ್ಕಿನಲ್ಲಿದೆ. ಎಲ್ಲವನ್ನೂ ಸೇರಿಸಿದಾಗ ತೂಕದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಕ್ಯಾಲೊರಿಯನ್ನು ಹಿಡಿತದಲ್ಲಿಟ್ಟ ಪ್ರಯೋಗಗಳಲ್ಲಿ ಒಂದು ಕಿಲೋಗಿಂತ ಕಡಿಮೆ ಲಾಭವಿತ್ತು, ಮನಬಂದಂತೆ ತಿನ್ನಲು ಬಿಟ್ಟಲ್ಲಿ ಆ ಲಾಭ ಇರಲಿಲ್ಲ. ಹಿಂದೊಮ್ಮೆ ಹಾಲಿನ ಕ್ಯಾಲ್ಸಿಯಂ ಕೊಬ್ಬನ್ನು ಕರಗಿಸುತ್ತದೆ ಎಂಬ ಪ್ರಚಾರ ಅಮೆರಿಕದಲ್ಲಿ ಜೋರಾಗಿತ್ತು. 2007ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಮಧ್ಯಪ್ರವೇಶಿಸಿದ ಮೇಲೆ, ತೂಕ ಇಳಿಕೆಯ ಆ ಜಾಹೀರಾತುಗಳನ್ನು ಹಾಲು ಪ್ರಚಾರ ಮಂಡಳಿಗಳು ನಿಲ್ಲಿಸಬೇಕಾಯಿತು. ಈಗ ಕ್ಯಾಲ್ಸಿಯಂ ಇದ್ದ ಜಾಗದಲ್ಲಿ ಪ್ರೋಟೀನ್ ಬಂದು ಕುಳಿತಿದೆ. ಹಾಗೆಂದು ಪ್ರೋಟೀನಿನ ಪುರಾವೆಯೂ ಅಷ್ಟೇ ದುರ್ಬಲ ಎಂದು ನಾನು ಹೇಳುತ್ತಿಲ್ಲ; ಅದು ಖಂಡಿತವಾಗಿ ಹೆಚ್ಚು ಗಟ್ಟಿಯಾಗಿದೆ.

ಜಿಜ್ಞಾಸು ಅವರೇ, ನೀವು ಕೇಳಿಕೊಳ್ಳಬೇಕಾದದ್ದು ಹಾಲಿನ ಪ್ರೋಟೀನ್ ಒಳ್ಳೆಯದೇ ಕೆಟ್ಟದ್ದೇ ಎಂದಲ್ಲ, ಅದನ್ನು ಯಾವುದರ ಬದಲಿಗೆ ಸೇವಿಸುತ್ತಿದ್ದೇನೆ ಎಂದು. ಸಿಹಿ ಪಾನೀಯವನ್ನೋ ಕರಿದ ತಿಂಡಿಯನ್ನೋ ಬಿಟ್ಟು ಆ ಜಾಗದಲ್ಲಿ ಕೆನೆ ತೆಗೆದ ಹಾಲು ಕುಡಿದರೆ ಒಂದು ಫಲ. ತಿನ್ನುವುದನ್ನೆಲ್ಲ ತಿಂದು ಅದರ ಮೇಲೆ ಒಂದು ಲೋಟ ಪ್ರೋಟೀನ್ ಪಾನೀಯ ಕುಡಿದರೆ ಇನ್ನೊಂದು ಫಲ. ಪ್ರೋಟೀನಿಗೂ ಗ್ರಾಂಗೆ 4 ಕ್ಯಾಲೊರಿ ಇದ್ದೇ ಇದೆ.

ಉತ್ತರ: ರಕ್ತಪರೀಕ್ಷೆ

ಇನ್ಸುಲಿನ್ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಅದೊಂದನ್ನೇ ಹೇಳುತ್ತೇನೆ.

ಹಾಲು ಇನ್ಸುಲಿನ್ ಏರಿಸುತ್ತದೆ ಎಂಬುದು ಸುಳ್ಳಲ್ಲ. 2001ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದಂತೆ ಹಾಲಿನ ಗ್ಲೈಸಿಮಿಕ್ ಸೂಚ್ಯಂಕ 15ರಿಂದ 30ರೊಳಗಿದ್ದರೆ, ಇನ್ಸುಲಿನ್ ಸೂಚ್ಯಂಕ 90ನ್ನೂ ದಾಟಿತ್ತು. ರಕ್ತದ ಸಕ್ಕರೆ ಅಷ್ಟಾಗಿ ಏರದಿದ್ದರೂ ಇನ್ಸುಲಿನ್ ಬಿಳಿ ಬ್ರೆಡ್ ತಿಂದಾಗಿನಷ್ಟೇ ಏರುತ್ತದೆ ಎಂದು ಇದರ ಅರ್ಥ. ವೇ ಪ್ರೋಟೀನಿನಿಂದ ಬರುವ ಲ್ಯೂಸೀನ್, ಐಸೊಲ್ಯೂಸೀನ್, ವ್ಯಾಲಿನ್, ಲೈಸೀನ್, ಥ್ರಿಯೊನೀನ್ ಎಂಬ ಅಮೈನೊ ಆಮ್ಲಗಳು ಇದಕ್ಕೆ ಮುಖ್ಯ ಕಾರಣವೆಂದು ಅನಂತರದ ಅಧ್ಯಯನಗಳು ಸೂಚಿಸಿದವು.

ಆದರೆ ಅಲ್ಲಿಂದ ಬೊಜ್ಜಿಗೆ ನೇರವಾಗಿ ಜಿಗಿಯುವುದು ತರ್ಕವಲ್ಲ. ಊಟವಾದ ಮೇಲೆ ಕೆಲವು ಗಂಟೆ ಇನ್ಸುಲಿನ್ ಏರಿ ಇಳಿಯುವುದು ಸಹಜ ಕ್ರಿಯೆ. ಸ್ನಾಯು ಅಮೈನೊ ಆಮ್ಲಗಳನ್ನು ಬಳಸಿಕೊಳ್ಳಲೂ ಅದು ನೆರವಾಗುತ್ತದೆ. ಆ ಹೊತ್ತಿನಲ್ಲಿ ಕೊಬ್ಬು ಕರಗುವುದು ತಗ್ಗುತ್ತದೆ ನಿಜ, ಆದರೆ ದಿನದ ಒಟ್ಟು ಲೆಕ್ಕದಲ್ಲಿ ಕೊಬ್ಬು ಕೂಡುತ್ತದೋ ಕಳೆಯುತ್ತದೋ ಎಂಬುದನ್ನು ತೀರ್ಮಾನಿಸುವುದು ತಿಂದ ಶಕ್ತಿಗೂ ಖರ್ಚಾದ ಶಕ್ತಿಗೂ ಇರುವ ವ್ಯತ್ಯಾಸವೇ. ಇನ್ಸುಲಿನ್ ಏರಿಸುವ ವೇ ಪ್ರೋಟೀನ್ ಬೊಜ್ಜು ಬೆಳೆಸುವುದಾದರೆ, ತಕ್ಕಡಿಯವರು ಹೇಳಿದ 23 ವಾರಗಳ ಪ್ರಯೋಗದಲ್ಲಿ ಫಲಿತಾಂಶ ತಿರುವುಮುರುವಾಗಿರಬೇಕಿತ್ತು.

ಎರಡನೇ ಬಗೆಯ ಮಧುಮೇಹ ಇರುವವರಲ್ಲಿ ಈ ಗುಣವನ್ನೇ ಉಪಯೋಗಕ್ಕೆ ತಂದ ಪ್ರಯೋಗಗಳೂ ಇವೆ. 2014ರಲ್ಲಿ ಪ್ರಕಟವಾದ ಒಂದರಲ್ಲಿ, ಬೇಗ ಸಕ್ಕರೆ ಏರಿಸುವ ಬೆಳಗಿನ ಉಪಾಹಾರಕ್ಕೆ ಮುಂಚೆ 50 ಗ್ರಾಂ ವೇಯನ್ನು ನೀರಿನಲ್ಲಿ ಕಲಸಿ ಕೊಟ್ಟಾಗ, ಅನಂತರದ ಮೂರು ಗಂಟೆಗಳಲ್ಲಿ ರಕ್ತದ ಸಕ್ಕರೆಯ ಒಟ್ಟು ಏರಿಕೆ ಶೇಕಡಾ 28ರಷ್ಟು ಕಡಿಮೆಯಾಯಿತು. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ಇದನ್ನು ಓದಿ ತಾವಾಗಿಯೇ ಪ್ರಯೋಗಕ್ಕಿಳಿಯಬಾರದು. ಸಕ್ಕರೆ ತೀರ ಇಳಿದುಬಿಡುವ ಸಂಭವ ಇರುವುದರಿಂದ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಜಿಜ್ಞಾಸು:

ಮೂವರಿಗೂ ಧನ್ಯವಾದಗಳು. ಯಾವುದರ ಬದಲಿಗೆ ಎಂಬ ಮಾತು ಮನಸ್ಸಿಗೆ ಹಿಡಿಸಿತು. ಇನ್ನೆರಡು ಅನುಮಾನಗಳಿವೆ. ಮೊದಲನೆಯದು, 13 ವರ್ಷದ ನನ್ನ ಮಗನ ತೂಕವೂ ವಯಸ್ಸಿಗೆ ಮೀರಿದೆ. ನಾನು ಕುಡಿಯುವ ಪುಡಿಯನ್ನೇ ಅವನಿಗೂ ಕೊಡಬಹುದೇ? ಎರಡನೆಯದು, ಪುಡಿಯೇ ಬೇಕೇ, ಅಥವಾ ಹಾಲು ಮೊಸರಿನಿಂದಲೇ ಅಷ್ಟು ಪ್ರೋಟೀನ್ ಪಡೆಯಬಹುದೇ?

ಉತ್ತರ: ಮಕ್ಕಳ ಆರೋಗ್ಯ

ಮಗನ ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ವಯಸ್ಕರ ಫಲಿತಾಂಶಗಳನ್ನು ಬೆಳೆಯುವ ಮಕ್ಕಳಿಗೆ ಹಾಗೆಯೇ ಅನ್ವಯಿಸಲಾಗದು ಎಂಬುದಕ್ಕೆ ನೇರವಾದ ಪುರಾವೆಯೇ ಇದೆ.

ಡೆನ್ಮಾರ್ಕಿನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 12ರಿಂದ 15 ವರ್ಷದ, ಅಧಿಕ ತೂಕದ ಹದಿಹರೆಯದವರಿಗೆ ದಿನಕ್ಕೆ ಒಂದು ಲೀಟರಿನಂತೆ 12 ವಾರಗಳ ಕಾಲ ಕೆನೆ ತೆಗೆದ ಹಾಲು, ವೇ ಪಾನೀಯ, ಕೇಸೀನ್ ಪಾನೀಯ ಅಥವಾ ಬರೀ ನೀರನ್ನು ಕೊಟ್ಟರು. ಮೂರೂ ಹಾಲಿನ ಪಾನೀಯಗಳಲ್ಲಿ ಲೀಟರಿಗೆ 35 ಗ್ರಾಂ ಪ್ರೋಟೀನ್ ಇತ್ತು. ನೀರು ಕುಡಿದವರಿಗೆ ಹೋಲಿಸಿದರೆ ಹಾಲಿನ ಪಾನೀಯ ಕುಡಿದವರಲ್ಲಿ ವಯಸ್ಸಿಗೆ ಹೊಂದಿಸಿದ ಬಿಎಂಐ ಏರಿತು. ವೇ ಮತ್ತು ಕೇಸೀನ್ ಕುಡಿದವರಲ್ಲಿ ಇನ್ಸುಲಿನ್ ಸ್ರಾವವನ್ನು ಸೂಚಿಸುವ ಸಿ-ಪೆಪ್ಟೈಡ್ ಕೂಡ ಹೆಚ್ಚಾಯಿತು. ಇಲ್ಲಿ ಪಾನೀಯವು ದಿನದ ಆಹಾರದ ಮೇಲೆ ಹೆಚ್ಚುವರಿಯಾಗಿ ಸೇರಿತ್ತೆಂಬುದನ್ನೂ, ಹೋಲಿಕೆ ಕ್ಯಾಲೊರಿಯೇ ಇಲ್ಲದ ನೀರಿನೊಂದಿಗೆ ಎಂಬುದನ್ನೂ ಮರೆಯಬಾರದು. ಹಾಗಿದ್ದರೂ, ಪ್ರೋಟೀನ್ ಕುಡಿಸಿದರೆ ಹಸಿವು ತಗ್ಗಿ ಮಗು ತಾನಾಗಿಯೇ ಕಡಿಮೆ ತಿನ್ನುತ್ತದೆ ಎಂಬ ನಿರೀಕ್ಷೆ ಅಲ್ಲಿ ನಿಜವಾಗಲಿಲ್ಲ.

ಇದಕ್ಕಿಂತಲೂ ಮಹತ್ವದ್ದು ಶಿಶುಗಳ ಮೇಲೆ ನಡೆದ ಅಧ್ಯಯನ. ತಾಯಿಯ ಹಾಲಿನಲ್ಲಿ 100 ಮಿಲಿಲೀಟರಿಗೆ ಸುಮಾರು 1 ಗ್ರಾಂ ಪ್ರೋಟೀನ್ ಮಾತ್ರ ಇರುತ್ತದೆ, ಅಂದರೆ ಹಸುವಿನ ಹಾಲಿನ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಬೆಲ್ಜಿಯಂ, ಜರ್ಮನಿ, ಇಟಲಿ, ಪೋಲೆಂಡ್ ಮತ್ತು ಸ್ಪೇನ್ ದೇಶಗಳ ಸಾವಿರಕ್ಕೂ ಹೆಚ್ಚು ಶಿಶುಗಳಿಗೆ ಹಸುವಿನ ಹಾಲಿನಿಂದ ತಯಾರಿಸಿದ, ಕ್ಯಾಲೊರಿಯಲ್ಲಿ ಸಮನಾದ ಆದರೆ ಪ್ರೋಟೀನ್ ಪ್ರಮಾಣದಲ್ಲಿ ಭಿನ್ನವಾದ ಎರಡು ಬಗೆಯ ಶಿಶು ಆಹಾರವನ್ನು ಮೊದಲ ವರ್ಷ ಕೊಡಲಾಯಿತು. ಆರು ವರ್ಷ ತುಂಬುವ ಹೊತ್ತಿಗೆ ಹೆಚ್ಚು ಪ್ರೋಟೀನ್ ಪಡೆದ ಮಕ್ಕಳಲ್ಲಿ ಬೊಜ್ಜಿನ ಸಾಧ್ಯತೆ ಕಡಿಮೆ ಪ್ರೋಟೀನ್ ಪಡೆದವರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಶೈಶವದಲ್ಲಿ ಅತಿಯಾದ ಪ್ರೋಟೀನ್ ದೊರೆತಾಗ ಇನ್ಸುಲಿನ್ ಮತ್ತು ಐಜಿಎಫ್-1 ಎಂಬ ಬೆಳವಣಿಗೆಯ ಹಾರ್ಮೋನುಗಳು ಏರಿ, ಮಗು ಬೇಗ ತೂಕ ಪಡೆದು, ಕೊಬ್ಬಿನ ಅಂಗಾಂಶವೂ ಹೆಚ್ಚುತ್ತದೆ ಎಂಬುದು ಇದಕ್ಕೆ ಕೊಡುವ ವಿವರಣೆ. ನೀವು ಮೊದಲು ಬರೆದ ಕರುವಿನ ವಾದಕ್ಕೆ ಸ್ವಲ್ಪವಾದರೂ ನೆಲೆ ಇರುವುದು ಈ ವಯಸ್ಸಿನಲ್ಲೇ ಹೊರತು ನಿಮ್ಮ ವಯಸ್ಸಿನಲ್ಲಲ್ಲ.

13ರ ಹುಡುಗನಿಗೆ ಹಾಲು ಬೇಡವೆಂದು ನಾನು ಹೇಳುತ್ತಿಲ್ಲ. ಸಿಹಿ ಪಾನೀಯದ ಜಾಗದಲ್ಲಿ ಸಕ್ಕರೆ ಹಾಕದ ಹಾಲು ಕುಡಿದರೆ ಒಳ್ಳೆಯದೇ. ಪ್ರೋಟೀನ್ ಪುಡಿಯ ಅಗತ್ಯ ಮಾತ್ರ ಅವನಿಗೆ ಇರಲಾರದು. ಬೆಳೆಯುವ ಮಕ್ಕಳಲ್ಲಿ ಬಹುಮಟ್ಟಿಗೆ ತೂಕ ಇಳಿಸುವುದಕ್ಕಿಂತ, ಎತ್ತರ ಬೆಳೆಯುವವರೆಗೆ ತೂಕವನ್ನು ಇದ್ದಲ್ಲೇ ಹಿಡಿದಿಡುವುದು ಗುರಿಯಾಗಿರುತ್ತದೆ. ಮಕ್ಕಳ ವೈದ್ಯರಿಗೊಮ್ಮೆ ತೋರಿಸಿ ಅವನಿಗೆ ಯಾವುದು ಸರಿ ಎಂದು ತಿಳಿದುಕೊಳ್ಳಿ.

ಉತ್ತರ: ಪೋಷಣೆ

ಪುಡಿಯೋ ಹಾಲೋ ಎಂಬ ಪ್ರಶ್ನೆಗೆ ಡಬ್ಬಿಯ ಹಿಂಬದಿಯನ್ನು ಓದಿದರೆ ಉತ್ತರ ಸಿಗುತ್ತದೆ. ಸಾಮಾನ್ಯವಾದ ವೇ ಕಾನ್ಸೆಂಟ್ರೇಟ್ ಪುಡಿಯ 30 ಗ್ರಾಮಿನ ಒಂದು ಸ್ಕೂಪಿನಲ್ಲಿ ಸುಮಾರು 24 ಗ್ರಾಂ ಪ್ರೋಟೀನ್, ಎರಡು ಮೂರು ಗ್ರಾಂ ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ), ಒಂದೆರಡು ಗ್ರಾಂ ಕೊಬ್ಬು ಇದ್ದು, ಒಟ್ಟು 120 ಕ್ಯಾಲೊರಿಯಷ್ಟಾಗುತ್ತದೆ. ಐಸೊಲೇಟ್ ಎಂದು ಬರೆದಿದ್ದರೆ ಪ್ರೋಟೀನ್ ಶೇಕಡಾ 90ರಷ್ಟಿದ್ದು ಲ್ಯಾಕ್ಟೋಸ್ ಇನ್ನೂ ಕಡಿಮೆ ಇರುತ್ತದೆ. ಅದೇ 24 ಗ್ರಾಂ ಪ್ರೋಟೀನನ್ನು ಕೆನೆ ತೆಗೆದ ಹಾಲಿನಿಂದ ಪಡೆಯಲು 700 ಮಿಲಿಲೀಟರಿಗೂ ಹೆಚ್ಚು ಬೇಕು; ಜೊತೆಗೆ ಸುಮಾರು 35 ಗ್ರಾಂ ಲ್ಯಾಕ್ಟೋಸ್ ಬರುತ್ತದೆ, ಕ್ಯಾಲೊರಿ 240ರ ಆಚೀಚೆ ಆಗುತ್ತದೆ. ಕೆನೆ ಸಹಿತ ಹಾಲಾದರೆ 400 ದಾಟುತ್ತದೆ. ಹೀಗೆ ಕ್ಯಾಲೊರಿಯ ಲೆಕ್ಕದಲ್ಲಿ ಪುಡಿಗೆ ಅನುಕೂಲವಿದೆ. ಆದರೆ ಹಾಲು ಮೊಸರುಗಳಲ್ಲಿ ಎರಡೂ ಪ್ರೋಟೀನುಗಳ ಜೊತೆಗೆ ಕ್ಯಾಲ್ಸಿಯಂ, ಬಿ12 ಜೀವಸತ್ವಗಳೂ ಸಿಗುತ್ತವೆ. ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಗಟ್ಟಿ ಮೊಸರಿನಲ್ಲಿ ಕೇಸೀನ್ ಸಾಂದ್ರವಾಗಿರುವುದರಿಂದ, ಒಂದು ಬಟ್ಟಲಿನಲ್ಲೇ ಸಾಕಷ್ಟು ಪ್ರೋಟೀನ್ ದೊರೆಯುತ್ತದೆ. ಇದನ್ನು ನಾನು ಪುಡಿಗಿಂತ ಮೊದಲು ಸೂಚಿಸುತ್ತೇನೆ.

ಮಾಸ್ ಗೇನರ್ ಎಂಬ ಹೆಸರಿನ ಡಬ್ಬಿಗಳಿಂದ ದೂರವಿರಿ. ಅವುಗಳಲ್ಲಿ ಪ್ರೋಟೀನಿಗಿಂತ ಮಾಲ್ಟೊಡೆಕ್ಸ್‌ಟ್ರಿನ್ ಮುಂತಾದ ಪಿಷ್ಟದ ಪುಡಿಯೇ ಹೆಚ್ಚು, ಮತ್ತು ಅವುಗಳ ಉದ್ದೇಶ ತೂಕವನ್ನು ಏರಿಸುವುದು.

ಪ್ರಮಾಣದ ಬಗ್ಗೆ ಹೇಳುವುದಾದರೆ, ಆರೋಗ್ಯವಂತ ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿರುವುದು ದೇಹದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್. ತೂಕ ಇಳಿಸುವ ಅವಧಿಯಲ್ಲಿ ಇದನ್ನು 1.2 ಗ್ರಾಂ ಅಥವಾ ಸ್ವಲ್ಪ ಹೆಚ್ಚಿಗೆ ಏರಿಸುವುದು ರೂಢಿ. ಬೊಜ್ಜು ಇರುವವರಲ್ಲಿ ಈಗಿನ ತೂಕದ ಮೇಲೆ ಲೆಕ್ಕ ಹಾಕಿದರೆ ಅಗತ್ಯಕ್ಕಿಂತ ಹೆಚ್ಚಾಗುವುದರಿಂದ, ಯಾವ ತೂಕವನ್ನು ಆಧಾರವಾಗಿ ಹಿಡಿಯಬೇಕೆಂದು ನಿಮ್ಮ ಆಹಾರ ತಜ್ಞರನ್ನೇ ಕೇಳಿ. ಮೂತ್ರಪಿಂಡದ ತೊಂದರೆ ಇದ್ದವರು ಪ್ರೋಟೀನ್ ಹೆಚ್ಚಿಸುವ ಮೊದಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ವೈದ್ಯರ ಒಪ್ಪಿಗೆ ಪಡೆಯಲೇಬೇಕು. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ತೊಂದರೆ ಕೊಡುವುದು ಲ್ಯಾಕ್ಟೋಸ್. ಅಂಥವರು ಮೊಸರನ್ನೋ ಐಸೊಲೇಟನ್ನೋ ನೋಡಬಹುದು. ಹಾಲಿನ ಪ್ರೋಟೀನಿಗೇ ಅಲರ್ಜಿ ಇರುವವರಿಗೆ ಇವು ಯಾವುವೂ ಸಲ್ಲವು.

ಶುರು ಮಾಡುವ ದಿನ ತೂಕದ ಜೊತೆಗೆ ಸೊಂಟದ ಸುತ್ತಳತೆಯನ್ನೂ ಅಳೆದು ಬರೆದಿಟ್ಟುಕೊಳ್ಳಿ. ವ್ಯಾಯಾಮವೂ ಜೊತೆಗಿದ್ದರೆ ಸ್ನಾಯು ಉಳಿದು ಕೊಬ್ಬು ಹೋಗುವಾಗ ತೂಕದ ಯಂತ್ರದ ಮುಳ್ಳು ಅಷ್ಟಾಗಿ ಕದಲುವುದಿಲ್ಲ, ಅಳತೆಯ ಪಟ್ಟಿಯಲ್ಲಿ ಮಾತ್ರ ವ್ಯತ್ಯಾಸ ಕಾಣುತ್ತದೆ. ಒಂದೆರಡು ತಿಂಗಳ ನಂತರವೂ ಎರಡರಲ್ಲೂ ಏನೂ ಬದಲಾಗದಿದ್ದರೆ, ಪ್ರೋಟೀನ್ ಪಾನೀಯವು ಬೇರೆ ಯಾವ ಆಹಾರದ ಜಾಗವನ್ನೂ ತೆಗೆದುಕೊಳ್ಳದೆ ಮೇಲಿಂದ ಸೇರುತ್ತಿದೆಯೇ ಎಂದು ನೋಡಿ. ನನ್ನ ಬಳಿ ಬರುವವರಲ್ಲಿ ಬಹುತೇಕರ ಕಥೆ ಅದೇ ಆಗಿರುತ್ತದೆ.